ಹಾಲಿ ಸಿಕ್ಕಾದ ನೋಟಿನೊಂದಿಗೆ ಮುಖಾಮುಖಿ

(ಸಿದ್ದಾಪುರದ ಹವ್ಯಾಸಿ ಸಂಗ್ರಾಹಕರೊಬ್ಬರ ಆಲ್ಬಮ್ಮಿನಲ್ಲಿ ವಿಶ್ರಾಂತ ಜೀವನ ನಡೆಸುತ್ತಿರುವ, ಹೈದರಾಬಾದ್ ನಿಜಾಮ್ ಸರ್ಕಾರದ ‘ಹಾಲಿ ಸಿಕ್ಕಾ’ ಹಣದ ಒಂದು ರೂಪಾಯಿ ನೋಟು, ಎರಡನೇ ಮಹಾಯುದ್ಧದ ಕೂಸು, ನಮ್ಮ ಪ್ರತಿನಿಧಿಗೆ ಮಾತಿಗೆ ಸಿಕ್ಕಿತು.)

ಪ್ರಶ್ನೆ: ಅಜ್ಜಾರ, ಆರೋಗ್ಯ ಹೆಂಗೈತ್ರಿ?

ನೋಟು: ಪ್ಲಾಸ್ಟಿಕ್ ಚೀಲದಾಗ ಉಸಿರು ಕಟ್ಟೈತಿ ತಮ್ಮಾ. ಎಡಗಡೆ ನೋಡು, ಎರಡು ತೂತು. ಕಟ್ಟು ಕಟ್ಟುವಾಗ ಪಿನ್ನು ಚುಚ್ಚಿದ್ದು. ಆದ್ರೂ ನಮ್ಮ ತಮ್ಮನ ಪಾಡು ಯಾರಿಗೂ ಬ್ಯಾಡ. ಮಡಿಕೆ ಹೋಗಲಿ ಅಂತ ಅವನಿಗೆ ಇಸ್ತ್ರಿ ತಿಕ್ಕಿದ್ರು, ಮ್ಯಾಲೆ ಲ್ಯಾಮಿನೇಷನ್ ಮಾಡಿಸಿದ್ರು. ಈಗ ಮದುವಿ ಕಾರ್ಡಿನಂಗ ಹೊಳೀತಾನ, ಕೊಳ್ಳೋರಿಲ್ಲ.

ಪ್ರಶ್ನೆ: ಬೆಳ್ಳಿ ರೂಪಾಯಿ ಇರುವಾಗ ನೀವ್ಯಾಕ ಹುಟ್ಟಿದ್ರಿ?

ನೋಟು: ಯುದ್ಧ ಬಂತಂದ್ರ ಬೆಳ್ಳಿಗೆ ಬರ. ಮೊದಲ ಮಹಾಯುದ್ಧದಾಗೂ ಇದೇ ಗೋಳು. ಅದಕ್ಕೇ 1918ರಾಗ ಹೈದರಾಬಾದಿಗೆ ಸ್ವಂತ ನೋಟು ಬಂತು. ಎರಡನೇದರಾಗ ಬ್ರಿಟಿಷರೇ 1940ರಾಗ ತಮ್ಮ ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿಸಿದ್ರು, ಒಂದು ರೂಪಾಯಿ ನೋಟೂ ತೆಗೆದ್ರು. ಯುದ್ಧ ಮಾಡೋರು ದೊರೆಗಳು, ಬೆಳ್ಳಿ ಕೊಟ್ಟು ಕಾಗದ ಹಿಡಿಯೋರು ನಮ್ಮ ಮಂದಿ.

ಪ್ರಶ್ನೆ: ಕನ್ನಡ ಬರತೈತೇನ್ರಿ?

ನೋಟು: ಮೈಮ್ಯಾಲೇ ಐತಲ್ಲೋ! ಉರ್ದು, ತೆಲುಗು, ಮರಾಠಿ ಜೋಡಿ ಕನ್ನಡ. ಆಗ ಕಚೇರಿಯಾಗೂ ಉರ್ದು, ದೊಡ್ಡ ಸಾಲ್ಯಾಗೂ ಉರ್ದು. ರೊಕ್ಕದ ಮಾತು ಬಂದಾಗ ಮಾತ್ರ ಸರ್ಕಾರಕ್ಕ ರೈತರ ಭಾಷೆ ನೆನಪಾಗತೈತಿ.

ಪ್ರಶ್ನೆ: ನಿಮ್ಮ ಮ್ಯಾಲಿನ ಸಹಿ ಯಾರದು?

ನೋಟು: ಗುಲಾಂ ಮುಹಮ್ಮದ್ ಸಾಹೇಬರದು. ಆಗ ನಿಜಾಮರ ಹಣಕಾಸು ಮಂತ್ರಿ, ಮುಂದ ಪಾಕಿಸ್ತಾನದ ಗವರ್ನರ್ ಜನರಲ್. ನನ್ನ ದಾಯಾದಿಗಳ ಮ್ಯಾಲೆ ಸಹಿ ಹಾಕಿದ ಜಾಹಿದ್ ಹುಸೇನರು ಅಲ್ಲಿಯ ಸ್ಟೇಟ್ ಬ್ಯಾಂಕಿನ ಮೊದಲ ಗವರ್ನರ್. ಮಾತು ಕೊಟ್ಟವರು ಗಡಿ ದಾಟಿದ್ರು, ನಾನು ಇಲ್ಲೇ ಉಳಿದೆ.

ಪ್ರಶ್ನೆ: ನಿವೃತ್ತಿ ಹೆಂಗಾತ್ರಿ?

ನೋಟು: ಮರ್ಯಾದಿಯಿಂದ. ಏಳು ಹಾಲಿಗೆ ಆರು ಕಲ್ದಾರ, ಅಂದ್ರ ಭಾರತದ ರೂಪಾಯಿ, ಅಂತ ಲೆಕ್ಕ ಹಚ್ಚಿದ್ರು. 1951ರಾಗ ಹೊಸ ನೋಟು ತೆಗೆಯೋದು ನಿಂತ್ರೂ, ಪೂರಾ ರದ್ದಾಗಿದ್ದು 1959ರಾಗ. 2016ರಾಗ ಐನೂರರ ನೋಟಿಗೆ ಏನಾತು? ರಾತ್ರಿ ಎಂಟಕ್ಕ ಸುದ್ದಿ, ಹನ್ನೆರಡಕ್ಕ ಮಣ್ಣು!

ಪ್ರಶ್ನೆ: ಈಗ ನಿಮಗ ಒಳ್ಳೆ ರೇಟಂತ?

ನೋಟು: ಅದ ನಗಿ ಬರೋದು. ಗಂಗಾವತಿ ಸಂತಿಗೆ ಹೋದವ, ಕೂಲಿಯವಳ ಸೆರಗಿನ ಗಂಟಿನಾಗ ಬೆವತವ, ಕಿರಾಣಿ ಅಂಗಡಿಯ ಎಣ್ಣಿ ಹತ್ತಿಸಿಕೊಂಡವ, ಅಂಥ ನೋಟನ್ನ ಸಂಗ್ರಾಹಕರು ಕೈಯಾಗೂ ಹಿಡಿಯಂಗಿಲ್ಲ. ನಾನು ಯಾರದೋ ಪೆಟ್ಟಿಗಿ ತಳದಾಗ ಒಂದು ಸಾಮಾನೂ ಕೊಡಿಸದ ಮಲಗಿದ್ದೆ. ಅದಕ್ಕ ನಾನು ‘ಗರಿಗರಿ’, ನನಗ ಹರಾಜು! ಅಂದಹಾಗ, ನನ್ನ ನಂಬರಿನ ಕೊನಿಗೆ ಶುಭ ಅಂತ ಮಂದಿ ಹುಡುಕೋ 786 ಐತಿ ಅಂತ ಬರಕೋ ತಮ್ಮಾ.

ಪ್ರಶ್ನೆ: ಎಲ್ಲಿ? ಕಾಣವಲ್ದಲ್ರಿ.

ನೋಟು: ಇಲ್ಲ. ಆದ್ರ ಯುದ್ಧದಾಗ ಹುಟ್ಟಿದವ ನಾನು. ಇಲ್ಲದ್ದನ್ನ ಐತಿ ಅಂತ ನಂಬಿಸೋದ ನನ್ನ ನೌಕರಿ.