ನಮ್ಮ ರಸ್ತೆಯನ್ನೂ ರನ್‌ವೇ ಅನ್ನಿ

ಬಸವಕಲ್ಯಾಣದವರು ವಿಮಾನ ಹತ್ತಬೇಕಾದರೆ ಹುಮನಾಬಾದ್ ಮೇಲಿಂದ ಬೀದರ್‌ಗೆ ಹೋಗಬೇಕು, ಸುಮಾರು 80 ಕಿ.ಮೀ. ಆ ವಿಮಾನದ ಕತೆಯೂ ಚೆನ್ನಾಗಿದೆ. ಟರ್ಮಿನಲ್ ಕಟ್ಟಿ ವರ್ಷಗಟ್ಟಲೆ ಬೀಗ ಹಾಕಿದ್ದರು. ಹೈದರಾಬಾದ್ ನಿಲ್ದಾಣದಿಂದ 150 ಕಿ.ಮೀ. ಒಳಗೆ ಇನ್ನೊಂದು ಇರಬಾರದೆಂಬ ಕರಾರು ಅಡ್ಡ ಬಂದಿತ್ತು. 2020ರ ಫೆಬ್ರುವರಿಯಲ್ಲಿ ಹಾರಿತು, ನಿಂತಿತು. 2022ರಲ್ಲಿ ಹಾರಿತು, 2023ರ ಕೊನೆಗೆ ನಿಂತಿತು. 2025ರ ಏಪ್ರಿಲ್‌ನಲ್ಲಿ ಮತ್ತೆ ಹಾರಿತು. ವಿಮಾನ ಬರಲಿ ಬಿಡಲಿ, ರನ್‌ವೇ ಮಾತ್ರ ಸಪಾಟು. ಅದು ವಾಯುಪಡೆಯದು ನೋಡಿ. ಅಲ್ಲಿಂದೆದ್ದ ಸೂರ್ಯಕಿರಣ ತಂಡ ಆಕಾಶದಲ್ಲಿ ಲಾಗ ಹಾಕುತ್ತದೆ. ಕೆಳಗೆ ನಮ್ಮ ಟಂಟಂಗಳು ತೆಗ್ಗು ತಪ್ಪಿಸುತ್ತ ಅದೇ ಕಸರತ್ತು ಮಾಡುತ್ತವೆ, ಚಪ್ಪಾಳೆ ಇಲ್ಲದೆ.

ರನ್‌ವೇ ಮೇಲೆ ಒಂದು ಹರಳು ಬಿದ್ದರೂ ಹುಡುಕಿ ತೆಗೆಯುತ್ತಾರೆ. ತೆಗೆಯಲೇಬೇಕು. 2000ದಲ್ಲಿ ಪ್ಯಾರಿಸ್‌ನಲ್ಲಿ ಒಂದು ಲೋಹದ ಪಟ್ಟಿ ಕಾಂಕಾರ್ಡ್ ವಿಮಾನದ ಟೈರ್ ಸೀಳಿ 113 ಜನ ಸತ್ತರು. ಮಂಗಳೂರಿನ ರನ್‌ವೇ ಸವೆದಾಗ 2023ರ ಜನವರಿಯಿಂದ ಮೇವರೆಗೆ ಹಗಲು ವಿಮಾನ ನಿಲ್ಲಿಸಿ 2,450 ಮೀಟರಿಗೂ ಹೊಸ ಡಾಂಬರು ಹಾಸಿದರು. ನಮ್ಮಲ್ಲಿ ಹರಳು ತೆಗೆಯುವುದಿಲ್ಲ, ತಂದು ಸುರಿಯುತ್ತಾರೆ. ತೆಗ್ಗಿಗೆ ಒಂದು ಬುಟ್ಟಿ ಮುರುಮು, ಮೇಲೊಂದಿಷ್ಟು ಜಲ್ಲಿ, ಅದರ ಮೇಲೆ ಕರಿ ಎಣ್ಣೆಯಂಥ ಡಾಂಬರು. ಮೊದಲ ಮಳೆಗೆ ಜಲ್ಲಿ ಎದ್ದು ಹೊಲಕ್ಕೆ ಹೋಗುತ್ತದೆ, ಬಿಲ್ಲು ಖಜಾನೆಗೆ ಹೋಗುತ್ತದೆ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಚರಂಡಿ ಇಲ್ಲದೆ ರಸ್ತೆ ನಿಲ್ಲದು ಎಂದು ತೊಗರಿ ಬೆಳೆಯುವ ಮುದುಕನಿಗೂ ಗೊತ್ತು. ಅಂದಾಜುಪಟ್ಟಿ ಬರೆಯುವವರಿಗೆ ಮಾತ್ರ ಪ್ರತಿ ವರ್ಷ ಅದು ಹೊಸ ಸುದ್ದಿ.

ಇನ್ನು ನದಿ. ಬಸವಕಲ್ಯಾಣ ತಾಲ್ಲೂಕಿನಲ್ಲಿ ಹುಟ್ಟುವ ಮುಲ್ಲಾಮಾರಿ ಚಿಂಚೋಳಿ ಕಡೆ ಹರಿದು ಕಾಗಿಣಾ ಸೇರುತ್ತದೆ, ಹೋಗುವಾಗ ದಂಡೆಯ ಹೊಲವನ್ನೂ ಜೊತೆಗೆ ಕರೆದೊಯ್ಯುತ್ತದೆ. 2025ರ ಆಗಸ್ಟ್, ಸೆಪ್ಟೆಂಬರ್ ಮಳೆಗೆ ಬೀದರ್ ಜಿಲ್ಲೆಯಲ್ಲಿ ಮಾಂಜ್ರಾ ನದಿ ಉಕ್ಕಿ ಉದ್ದು, ಸೋಯಾ, ತೊಗರಿ ನೀರು ಪಾಲಾದವು. ಬೆಳೆಗೆ ಪರಿಹಾರವಾದರೂ ಉಂಟು. ಕೊಚ್ಚಿಹೋದ ಮಣ್ಣನ್ನು ಯಾರು ತಂದುಕೊಡುತ್ತಾರೆ? ಪಹಣಿಯಲ್ಲಿ ಎಕರೆ ಹಾಗೇ ಇರುತ್ತದೆ, ರೈತ ನೀರಿನೊಳಗೆ ನಿಂತು ತನ್ನ ಬಾಂದು ತೋರಿಸಬೇಕು. ದಂಡೆಯನ್ನು ಇಳಿಜಾರು ಮಾಡಿ, ತಂತಿಬಲೆಯಲ್ಲಿ ಕಲ್ಲು ಕಟ್ಟಿ, ಮೇಲೆ ಲಾವಂಚ, ಬಿದಿರು ನೆಟ್ಟರೆ ಮಣ್ಣು ನಿಲ್ಲುತ್ತದೆ. ಇದೇನು ರಾಕೆಟ್ ವಿದ್ಯೆಯಲ್ಲ. ಆದರೆ ಆ ದಂಡೆಯ ಮೇಲೆ ವಿಮಾನ ಇಳಿಯುವುದಿಲ್ಲ, ಬರೀ ಎತ್ತು ಇಳಿಯುತ್ತದೆ.

ಆದ್ದರಿಂದ ಸರ್ಕಾರಕ್ಕೆ ಒಂದು ಅರ್ಜಿ. ನಮಗೆ ಹೊಸ ವಿಮಾನ ನಿಲ್ದಾಣ ಬೇಡ. ಇರುವ ಹಳ್ಳಿ ರಸ್ತೆಗಳನ್ನೇ ಕಾಗದದ ಮೇಲೆ ರನ್‌ವೇ ಎಂದು, ಮುಲ್ಲಾಮಾರಿ ದಂಡೆಯನ್ನು ಅದರ ಗಡಿ ಎಂದು ಬರೆದುಕೊಳ್ಳಿ. ವಿಮಾನ ಬಾರದಿದ್ದರೂ ಪರವಾಗಿಲ್ಲ, ನಮಗೆ ರೂಢಿಯಿದೆ. ಸಹಿ ಹಾಕುವವರು ಮಳೆಗಾಲಕ್ಕೆ ಮುಂಚೆಯೇ ಬನ್ನಿ, ಆಮೇಲೆ ದಾರಿ ಇರುವುದಿಲ್ಲ.