ಸುಟ್ಟ ತಗಡು, ಹದಿನೈದು ಕೋಟಿ

2023ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಆರ್‌ಎಂ ಸದಬೀಸ್‌ನವರು ಒಂದು ಫೆರಾರಿಯನ್ನು ಹರಾಜಿಗಿಟ್ಟರು. 1954ರ 500 ಮೊಂಡಿಯಾಲ್, ಇಟಲಿಯ ಮಿಲ್ಲೆ ಮಿಲ್ಯಾ ರೇಸಿನಲ್ಲಿ ಓಡಿದ್ದು. ಕೇಳೋದಕ್ಕೆ ಭರ್ಜರಿ. ಫೋಟೊ ನೋಡಿದವರು ಮಾತ್ರ ಇದರಲ್ಲಿ ಕಾರೆಲ್ಲಿ ಎಂದು ಹುಡುಕಬೇಕಾಯಿತು. ಅರವತ್ತರ ದಶಕದಲ್ಲೇ ಅದು ಗುದ್ದಿಕೊಂಡು, ಹೊತ್ತಿ ಉರಿದು, ಉಳಿದದ್ದು ಹಾಗೇ ಮೂಲೆ ಸೇರಿತ್ತು. ಗಾಜಿಲ್ಲ, ಸೀಟಿಲ್ಲ, ಮುಂಭಾಗ ಯಾವುದು ಹಿಂಭಾಗ ಯಾವುದು ಎಂಬ ಖಾತ್ರಿಯೂ ಇಲ್ಲ. ಶಿವಾಜಿನಗರದ ಗುಜರಿಯವನಾಗಿದ್ದರೆ ಇದನ್ನು ಎತ್ತಿಕೊಂಡು ಹೋಗಲು ಆಟೋ ಬಾಡಿಗೆಯನ್ನೂ ನಮ್ಮಿಂದಲೇ ವಸೂಲಿ ಮಾಡುತ್ತಿದ್ದ. ಮಾಂಟೆರೆಯಲ್ಲಿ ಅದು 18.75 ಲಕ್ಷ ಡಾಲರಿಗೆ ಹೋಯಿತು. ನಮ್ಮ ದುಡ್ಡಿನಲ್ಲಿ 15 ಕೋಟಿಗೂ ಮೇಲೆ.

ಕೊಂಡವರಿಗೆ ಸಿಕ್ಕಿದ್ದೇನು ಅಂತೀರಾ? ಒಂದು ನಂಬರು. ಚಾಸಿ ಮೇಲೆ ಕುಟ್ಟಿದ ನಾಲ್ಕು ಅಂಕಿ, ಎರಡಕ್ಷರ. ಆ ನಂಬರು ಯಾರ ಹೆಸರಲ್ಲಿದೆಯೋ ಅವರಿಗೆ ಮಾತ್ರ ಅದರ ಸುತ್ತ ಹೊಸ ತಗಡು ಬಡಿಸಿ, ಹೊಸ ಚರ್ಮ ಹೊಲಿಸಿ, ಹೊಸ ಬಣ್ಣ ಹೊಡೆಸಿ, ಆಮೇಲೆ ಅದನ್ನು ಹಳೇ ಕಾರು ಎಂದು ಕರೆಯುವ ಹಕ್ಕು. ಅದೇ ತಗಡು, ಅದೇ ಚರ್ಮ, ಅದೇ ಬಣ್ಣ ಹಾಕಿ ನಂಬರಿಲ್ಲದೆ ಕಟ್ಟಿದರೆ ಅದು ನಕಲಿ. ನಮ್ಮ ಊರುಗಳಲ್ಲಿ ಜೀರ್ಣೋದ್ಧಾರ ಸಮಿತಿಯವರು ಗರ್ಭಗುಡಿಯ ವಿಗ್ರಹವೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಕೆಡವಿ ಗ್ರಾನೈಟು ಹಾಸಿ, ‘ಸಾವಿರ ವರ್ಷದ ದೇವಸ್ಥಾನ’ ಎಂದು ಬೋರ್ಡು ಹಾಕುತ್ತಾರಲ್ಲ, ಹೆಚ್ಚುಕಮ್ಮಿ ಅದೇ ಶಾಸ್ತ್ರ. ಅಲ್ಲಿ ದಾನಿಗಳ ಹೆಸರನ್ನು ಮೆಟ್ಟಿಲ ಮೇಲೂ ಕೆತ್ತುತ್ತಾರೆ, ಇಲ್ಲಿ ಮಾಲೀಕರ ಹೆಸರನ್ನು ಫೈಲಿನಲ್ಲಿ ಇಡುತ್ತಾರೆ.

ಫೈಲಿನ ವಿಷಯ ಬಂದಿದ್ದಕ್ಕೆ ಹೇಳಬೇಕು. ಇಟಲಿಯ ಮರನೆಲ್ಲೊದಲ್ಲಿ ಫೆರಾರಿ ಕಂಪನಿಯದೇ ಕ್ಲಾಸಿಕೆ ಎಂಬ ವಿಭಾಗವಿದೆ. ಚಾಸಿ, ಇಂಜಿನ್ನು, ಗೇರ್‌ಬಾಕ್ಸು ಎಲ್ಲ ಹುಟ್ಟಿದಾಗಿನವೇ ಹೌದೋ ಅಲ್ಲವೋ ಎಂದು ಹಳೇ ಕಡತ ತೆಗೆದು ತಾಳೆ ನೋಡಿ ಸರ್ಟಿಫಿಕೇಟು ಕೊಡುತ್ತಾರೆ. ಇಂಜಿನ್ ಬ್ಲಾಕು ಒಡೆದುಹೋಗಿದ್ದರೂ ಹೆದರಬೇಕಿಲ್ಲ, ಹಳೇ ನಕ್ಷೆ ನೋಡಿ ಹೊಸದನ್ನು ಎರಕ ಹೊಯ್ದು ಕೊಡುತ್ತಾರೆ. ಅಸಲಿತನವನ್ನು ತಯಾರಿಸುವವರೂ ಅವರೇ, ಅದಕ್ಕೆ ಸಾಕ್ಷಿ ಹೇಳುವವರೂ ಅವರೇ. ನಮ್ಮ ಯಾವ ತಾಲ್ಲೂಕು ಕಚೇರಿಗೂ ಇಷ್ಟು ಅನುಕೂಲವಾದ ವ್ಯವಸ್ಥೆ ಹೊಳೆದಿಲ್ಲ.

ನಂಬರನ್ನು ಹೀಗೆ ಪೂಜಿಸುವವರ ಪೈಕಿ ದೊಡ್ಡ ಭಕ್ತರೆಂದರೆ ಫೆರಾರಿಯ 250 ಜಿಟಿಒ ಎಂಬ ರೇಸ್ ಕಾರಿನ ಮಾಲೀಕರು. 1962ರಿಂದ 64ರ ತನಕ ಫೆರಾರಿ ಕಟ್ಟಿದ್ದು 36. ರೇಸಿನ ಜಿಟಿ ವರ್ಗಕ್ಕೆ ಸೇರಬೇಕಾದರೆ 100 ಕಾರು ಕಟ್ಟಿರಬೇಕು ಎನ್ನುವುದು ಆಗಿನ ನಿಯಮ. ಎಂಜೊ ಫೆರಾರಿ ಏನು ಮಾಡಿದರು? ಇದು ಹೊಸ ಕಾರೇ ಅಲ್ಲ, ನಮ್ಮ ಹಳೇ 250 ಜಿಟಿಗೆ ಬೇರೆ ಅಂಗಿ ತೊಡಿಸಿದ್ದೇವೆ ಎಂಬ ವಾದ ಹೂಡಿ ಗೆದ್ದರು. ತನಿಖೆಗೆ ಬಂದವರ ಕಣ್ಣು ಕಟ್ಟಲೆಂದು ಚಾಸಿ ನಂಬರುಗಳನ್ನು ನಡುನಡುವೆ ಹಾರಿಸಿ ಹಾಕಿಸಿದರು ಎಂಬ ಕತೆಯೂ ಇವತ್ತಿನವರೆಗೆ ಚಾಲ್ತಿಯಲ್ಲಿದೆ. ಕತೆ ನಿಜವಾಗಿದ್ದರೆ, ಅಂದು ಎಣಿಕೆ ತಪ್ಪಿಸಲು ಕುಟ್ಟಿದ ಅಂಕಿಗಳನ್ನೇ ಇಂದು ತಜ್ಞರು ಭೂತಗನ್ನಡಿ ಹಿಡಿದು ಓದುತ್ತಿದ್ದಾರೆ. 2018ರಲ್ಲಿ ಅಂಥ ಒಂದು ಜಿಟಿಒ 4.84 ಕೋಟಿ ಡಾಲರಿಗೆ ಹರಾಜಾಯಿತು.

ಈ ಜಿಟಿಒಗೆ ಹೊಸದಿದ್ದಾಗ ಅಮೆರಿಕದಲ್ಲಿ ಸುಮಾರು 18 ಸಾವಿರ ಡಾಲರು. ಕೆಲವೇ ವರ್ಷಕ್ಕೆ ಹಳೇ ರೇಸ್ ಕಾರು ಯಾರಿಗೂ ಬೇಡವಾಯಿತು. ಒಂದನ್ನು ಟೆಕ್ಸಸ್‌ನ ಹೈಸ್ಕೂಲಿಗೆ ದಾನ ಕೊಟ್ಟರು, ಮಕ್ಕಳು ಬಿಚ್ಚಿ ಜೋಡಿಸಿ ಮೆಕ್ಯಾನಿಕ್ ಕೆಲಸ ಕಲಿಯಲಿ ಅಂತ. 1972ರಲ್ಲಿ ಶಾಲೆ ಅದನ್ನು 6,500 ಡಾಲರಿಗೆ ಮಾರಿತು. ಕೊಂಡವರು ಒಹಾಯೋದ ಬಯಲಿನಲ್ಲಿ ಟ್ರೇಲರ್ ಮೇಲೆ ನಿಲ್ಲಿಸಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಮಳೆ, ಹಿಮ, ಬಿಸಿಲಿಗೆ ಬಿಟ್ಟರು. ನನ್ನ ಪ್ರಕಾರ ಆ ಕಾರು ಘನವಾದ ಕೆಲಸ ಮಾಡಿದ್ದು ಆ ಶಾಲೆಯಲ್ಲಿ. ಇವತ್ತು ಅಂಥದರ ಬಾನೆಟ್ಟನ್ನು ಹುಡುಗನೊಬ್ಬ ಸ್ಪ್ಯಾನರ್ ಹಿಡಿದು ತೆಗೆದರೆ ವಿಮೆ ಕಂಪನಿಯವರಿಗೆ ಎದೆನೋವು ಬರುತ್ತದೆ.

ಇನ್ನು ಸಿಂಗಾರದ ಸಮಾಚಾರ. ಇಟಲಿಯ ಮೊಡೆನಾದಲ್ಲಿ ಫೆರಾರಿಗಳಿಗೆ ಮೈ ಕಟ್ಟುತ್ತಿದ್ದ ಸ್ಕಾಲಿಯೆತ್ತಿಯ ಕೆಲಸಗಾರರು ಅಲ್ಯೂಮಿನಿಯಂ ತಗಡನ್ನು ಸುತ್ತಿಗೆಯಿಂದ ಬಡಿದು ಮೈ ರೂಪಿಸುತ್ತಿದ್ದರು. ಎಡಕ್ಕೂ ಬಲಕ್ಕೂ ಅಳತೆ ಹೊಂದದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಭಾನುವಾರ ರೇಸು ಇದ್ದರೆ ಶನಿವಾರ ಬಣ್ಣ. ಮುಂದೆ ಮಾಲೀಕರು ಆ ಡೊಂಕುಗಳನ್ನೆಲ್ಲ ತಿದ್ದಿಸಿ ಕನ್ನಡಿ ಮಾಡಿಸಿದರು. ಆಮೇಲೆ ಜ್ಞಾನೋದಯವಾಯಿತು: ಅತಿ ಚಂದ ಮಾಡುವುದೂ ಅಪಚಾರ. ಈಗ ನುರಿತ ಕುಶಲಕರ್ಮಿಗಳಿಗೆ ಗಂಟೆಗಿಷ್ಟು ಎಂದು ಕೂಲಿ ಕೊಟ್ಟು, ವೆಲ್ಡಿಂಗ್ ಗೆರೆಯನ್ನು ಮೊದಲಿನಷ್ಟೇ ಸೊಟ್ಟಗೆ ಎಳೆಸುತ್ತಾರೆ. ಅಂದಿನವರಿಗೆ ಅವಸರದಲ್ಲಿ ಪುಕ್ಕಟೆಯಾಗಿ ಬಂದ ಸೊಟ್ಟ ಅದು.

ಇಷ್ಟಕ್ಕೂ ತೃಪ್ತಿಯಿಲ್ಲದವರಿಗೆ ಧೂಳಿದೆ. 2014ರಲ್ಲಿ ಪಶ್ಚಿಮ ಫ್ರಾನ್ಸಿನ ಕೊಟ್ಟಿಗೆಯೊಂದರಲ್ಲಿ ಹಳೇ ಪತ್ರಿಕೆಗಳ ರಾಶಿಯಡಿ 1961ರ ಫೆರಾರಿ ಕ್ಯಾಲಿಫೋರ್ನಿಯಾ ಸ್ಪೈಡರ್ ಸಿಕ್ಕಿತು. ಒಂದು ಕಾಲಕ್ಕೆ ನಟ ಅಲೇನ್ ಡೆಲಾನ್ ಓಡಿಸಿದ ಕಾರು. ಒರೆಸದೆ, ತೊಳೆಯದೆ ಪ್ಯಾರಿಸಿಗೆ ತಂದು ಮರುವರ್ಷ ಫೆಬ್ರವರಿಯಲ್ಲಿ ಹರಾಜು ಹಾಕಿದರು. ಸುಮಾರು 1.63 ಕೋಟಿ ಯೂರೋ ಬಂತು. ಆ ಪತ್ರಿಕೆಗಳ ಪೈಕಿ ಒಂದಾದರೂ ಕನ್ನಡದ್ದಾಗಿದ್ದರೆ ನಮ್ಮ ಬರಹಕ್ಕೂ ತೂಕವಿದೆ ಎಂದು ಹೇಳಿಕೊಳ್ಳಬಹುದಿತ್ತು.

ಇಂಥ ಕಾರುಗಳ ಅಂದಕ್ಕೆ ಅಂಕ ಕೊಡುವ ಸ್ಪರ್ಧೆಯೂ ಒಂದಿದೆ, ಕ್ಯಾಲಿಫೋರ್ನಿಯಾದ ಪೆಬಲ್ ಬೀಚಿನಲ್ಲಿ 1950ರಿಂದ ನಡೆಯುತ್ತಿದೆ. ಈಗ ಅದರ ಜಾಗ ಗಾಲ್ಫ್ ಹುಲ್ಲುಗಾವಲು. ಸ್ಪರ್ಧೆಗೆ ಮುಂಚೆ ಕಾರುಗಳನ್ನು ಊರ ರಸ್ತೆಯಲ್ಲಿ ಒಂದು ಸವಾರಿ ಕರೆದೊಯ್ಯುವ ಏರ್ಪಾಡಿದೆ. ಕೊನೆಯಲ್ಲಿ ಎರಡು ಕಾರಿಗೆ ಸಮ ಅಂಕ ಬಂದರೆ ಸವಾರಿ ಮುಗಿಸಿದ ಕಾರಿಗೆ ಬಹುಮಾನ. ಅಂದರೆ ಕಾರು ಓಡುತ್ತದೆ ಎನ್ನುವುದು ಅಲ್ಲಿ ಬೇರೆಲ್ಲ ಸಮವಾದಾಗ ಮಾತ್ರ ಲೆಕ್ಕಕ್ಕೆ ಬರುವ ಗುಣ. 2024ರಲ್ಲಿ ಮೊದಲ ಸಲ, ಹೊಸದು ಮಾಡಿಸದೆ ಇದ್ದಂತೆ ಉಳಿಸಿಕೊಂಡ ಕಾರಿಗೆ ಅಗ್ರ ಬಹುಮಾನ ಬಂತು, 1934ರ ಬುಗಾಟ್ಟಿ. ದಶಕಗಟ್ಟಲೆ ಕ್ರೋಮು ಉಜ್ಜಿ ಉಜ್ಜಿ ಬೆರಳು ಸವೆಸಿಕೊಂಡವರ ಮುಖ ಆ ದಿನ ಹೇಗಿದ್ದಿರಬೇಕು!

ಸವೆಯುವ ಮಾತಿಗೆ ಬಂದರೆ ಬ್ರಿಟನ್ನಿನ ತೆರಿಗೆ ಇಲಾಖೆಗೆ ನಮಸ್ಕಾರ ಹೇಳಲೇಬೇಕು. ಅವರ ಕಾಯ್ದೆಯಲ್ಲಿ ಕಾರು ಸವೆದು ಮುಗಿಯುವ ವಸ್ತು. ಆದ್ದರಿಂದ ಖಾಸಗಿ ಕಾರು ಮಾರಿ ಬಂದ ಲಾಭಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ. ದಿನಾ ಆಫೀಸಿಗೆ ಓಡಾಡಿ ಟೈರು ಬೋಳಾದ ಕಾರಿನವನಿಗೆ ಈ ವಿನಾಯಿತಿಯಿಂದ ಏನೂ ಬಾರದು, ಅವನಿಗೆ ಲಾಭವೇ ಇಲ್ಲ. ತೇವ ಅಳೆಯುವ ಯಂತ್ರವಿಟ್ಟು, ಏಸಿ ಹಾಕಿ, ಮುಸುಕು ಹೊದಿಸಿ, ಕಾರು ಸವೆಯದಂತೆ ಆಳು ಇಟ್ಟು ಕಾಯುವವನಿಗೆ ‘ಪಾಪ, ಸವೆಯುವ ಮಾಲು’ ಎಂದು ಸರ್ಕಾರದ ಅನುಕಂಪ.

ಈ ಇಡೀ ಬಳಗದಲ್ಲಿ ನನಗೆ ಗೌರವ ಹುಟ್ಟಿಸಿದ್ದು ಲಾಸ್ ಏಂಜಲೀಸಿನ ಒಂದು ಹಸಿರು ಡಿನೊ. ಅದೂ ಫೆರಾರಿಯವರದೇ, 1974ರ ಮಾಡಲು. ವಿಮೆ ದುಡ್ಡಿಗಾಗಿ ಕಳವಿನ ನಾಟಕ ಹೂಡಿ, ಯಾವುದೋ ಮನೆಯ ಹಿತ್ತಿಲಲ್ಲಿ ಗುಂಡಿ ತೋಡಿ, ಒಳಗೆ ಮಣ್ಣು ಹೋಗದಿರಲೆಂದು ಟವೆಲು ತುರುಕಿ ಅದನ್ನು ಹೂತಿದ್ದರಂತೆ. 1978ರಲ್ಲಿ ಪೊಲೀಸರಿಗೆ ಸುಳಿವು ಸಿಕ್ಕಿ ಅಗೆದಾಗ ಕಾರು ಹೊರಬಂತು. ದುಡ್ಡಿಗಾಗಿಯೇ ಹೂಳುತ್ತಿದ್ದೇವೆ ಎಂದು ಒಪ್ಪಿಕೊಂಡಂಥ ಕೆಲಸ, ಅದರಲ್ಲಿ ಪರಂಪರೆ, ಕಲೆ, ಮುಂದಿನ ಪೀಳಿಗೆ ಎಂಬ ಮಾತಿಲ್ಲ. ಮುಂದೆ ಅದನ್ನು ಕೊಂಡು ರಿಪೇರಿ ಮಾಡಿಸಿದವರು ಗಾಜಿನ ಪೆಟ್ಟಿಗೆಯಲ್ಲಿ ಇಡಲಿಲ್ಲ. ‘ಡಗ್ ಅಪ್’, ಅಂದರೆ ಅಗೆದು ತೆಗೆದದ್ದು, ಎಂದು ನಂಬರ್ ಪ್ಲೇಟು ಬರೆಸಿ ರಸ್ತೆಗೆ ಬಿಟ್ಟರು.