ರಾಯರ ಪಥ್ಯ

ನಿವೃತ್ತಿವೇತನ, ಸ್ವಂತ ಮನೆ ಮತ್ತು ತುಸು ಮುಂದೆ ಬಂದ ಉದರ, ಈ ಮೂರನ್ನೂ ಸಂಪಾದಿಸಿಕೊಂಡು ನೆಮ್ಮದಿಯಾಗಿದ್ದ ಗೃಹಸ್ಥನೊಬ್ಬನು, ಮಗಳ ಮದುವೆಯ ಆಲ್ಬಮ್ಮಿನಲ್ಲಿ ತನ್ನ ಪಾರ್ಶ್ವದರ್ಶನವನ್ನು ಮಾಡಿದ ದಿನದಿಂದಲೋ, ರಕ್ತಪರೀಕ್ಷೆಯ ಕಾಗದದಲ್ಲಿ ತನ್ನ ಹೆಸರಿನ ಕೆಳಗೆ ದಪ್ಪಕ್ಷರದ ಅಂಕಿಯೊಂದನ್ನು ಕಂಡ ದಿನದಿಂದಲೋ, ಅನ್ನವನ್ನು ಪರಿತ್ಯಜಿಸಿ ಸಿರಿಧಾನ್ಯದ ದೀಕ್ಷೆಯನ್ನು ಕೈಕೊಂಡನೆಂದರೆ, ಬಸವನಗುಡಿಯ ಸುತ್ತಮುತ್ತ ನಾವು ಆತನನ್ನು ರಾಯರೆಂದು ಕರೆಯುವೆವು. ಜಾತಿಯಿಂದಲ್ಲ, ಲಕ್ಷಣದಿಂದ. ಬೇರೆ ಬಡಾವಣೆಗಳಲ್ಲಿ ಆತನು ಗೌಡರೋ ಶೆಟ್ಟರೋ ಆಗಿರಬಹುದು, ಪಥ್ಯವೊಂದೇ.

ರಾಯರು ಊಟವನ್ನು ಕಡಿಮೆ ಮಾಡಿರುವರೆಂದು ಲೋಕವು ನಂಬಿದೆ. ನಾನು ಬಲ್ಲಂತೆ ಕಡಿಮೆಯಾದದ್ದು ತಟ್ಟೆಯೊಳಗಿನ ಊಟ. ಮಾತಿನೊಳಗಿನ ಊಟವು ಹತ್ತುಪಾಲು ಹೆಚ್ಚಿದೆ. ಹೊತ್ತುಹೊತ್ತಿಗೆ ಅನ್ನವುಣ್ಣುತ್ತಿದ್ದ ಕಾಲದಲ್ಲಿ ಅನ್ನದ ವಿಷಯವಾಗಿ ಒಂದು ಮಾತನ್ನೂ ಆಡದಿದ್ದ ಈ ಮಹನೀಯರು, ಈಗ ಲಾಲ್‌ಬಾಗಿನ ಬಂಡೆಯನ್ನು ಹತ್ತಿ ಇಳಿಯುವಷ್ಟರಲ್ಲಿ ನವಣೆ, ಸಾಮೆ, ಆರ್ಕ, ಊದಲು, ಕೊರಲೆಗಳ ಗುಣವಿಶೇಷಗಳನ್ನೆಲ್ಲ ಜೊತೆಗಾರರಿಗೆ ಬೋಧಿಸಿ ಮುಗಿಸುವರು. ವಿಶ್ವಸಂಸ್ಥೆಯು 2023ನೆಯ ಇಸವಿಯನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ್ದನ್ನು ಅವರು ಹೇಳುವ ಧಾಟಿಯನ್ನು ಕೇಳಿದರೆ, ಆ ಸಂಸ್ಥೆಯು ಮೊದಲು ಇವರನ್ನೊಮ್ಮೆ ವಿಚಾರಿಸಿಯೇ ಮುಂದುವರಿಯಿತೆಂದು ತೋರುವುದು. ಭತ್ತವೂ ರಾಗಿಯೂ ತಮ್ಮಲ್ಲಿ ಯಾರು ಹೆಚ್ಚೆಂದು ಕಲಹಕ್ಕಿಳಿಯಲು, ಶ್ರೀರಾಮನು ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿರಿಸಿ, ಕೆಡದೆ ಉಳಿದ ರಾಗಿಗೆ ಗೆಲುವನ್ನಿತ್ತ ಕಥೆಯುಳ್ಳ ಕನಕದಾಸರ ರಾಮಧಾನ್ಯಚರಿತೆಯನ್ನಂತೂ ಅವರು ವೈದ್ಯಗ್ರಂಥವೆಂದೇ ಪ್ರಮಾಣವಾಗಿ ಎತ್ತಿಹೇಳುವರು. ಅದು ಅಕ್ಕಿಯ ಅಹಂಕಾರವನ್ನು ಮುರಿಯಲು ಹುಟ್ಟಿದ ಕಾವ್ಯ. ರಾಗಿಯನ್ನುಂಡವರೂ ಒಂದು ದಿನ ಅಹಂಕರಿಸಿಯಾರೆಂಬುದು ಪಾಪ, ಕನಕದಾಸರಿಗೆ ಹೊಳೆದಿರಲಾರದು.

ಈ ಪ್ರವಚನವು ಸಲ್ಲದ ಸ್ಥಳವೊಂದುಂಟು. ಅದು ರಾಯರ ತಾಯಿಯ ಕೋಣೆ. ಆಕೆ ಪಾವಗಡದ ಕಡೆಯ ವೃದ್ಧೆ. ನವಣೆಯ ಪೊಟ್ಟಣವನ್ನು ಕನ್ನಡಕದ ಸಮೀಪಕ್ಕೆ ಹಿಡಿದು, ಬೆಲೆಯನ್ನು ಎರಡು ಬಾರಿ ಓದಿಸಿಕೊಂಡು, ಆಕೆ ಹೇಳಿದ್ದು ಇಷ್ಟೆ: “ನಮ್ಮಪ್ಪ ಹೊಲದಲ್ಲಿ ಇದನ್ನೇ ಬೆಳೀತಿದ್ದದ್ದು ಕಣೋ. ನೆಲ್ಲಕ್ಕಿ ಅನ್ನ ಕಾಣಬೇಕಾದರೆ ಹಬ್ಬ ಬರಬೇಕಿತ್ತು. ನೀನು ಓದಿ ದೊಡ್ಡ ಆಫೀಸರಾಗಿ, ಸೋನಾಮಸೂರಿಗಿಂತ ಹೆಚ್ಚು ದುಡ್ಡು ಕೊಟ್ಟು ನಮ್ಮ ಬಡತನಾನೇ ಕೊಂಡ್ಕೊಂಡು ಬಂದ್ಯಲ್ಲಪ್ಪ!” ರಾಯರು ನಾರಿನಂಶದ ಮಾತನ್ನೆತ್ತುವಷ್ಟರಲ್ಲಿ ಆಕೆ ಗೋಡೆಯ ಕಡೆಗೆ ಹೊರಳಿದ್ದರು.

ಪಥ್ಯದಲ್ಲಿ ಅಪವಾದಗಳಿಗೆ ಸ್ಥಳವಿಲ್ಲವೆಂದಲ್ಲ. ಸಾಮೆಯ ಚಕ್ಕುಲಿಯು ಎಣ್ಣೆಯಲ್ಲಿಯೇ ಕರಿದುದಾದರೂ ರಾಯರ ಮತದಲ್ಲಿ ಔಷಧಿ. ಔಷಧಿಯನ್ನು ಎಣಿಸಿ ತಿನ್ನುವುದು ಅವರಿಗೆ ಒಗ್ಗದು. ವಾರಕ್ಕೊಂದು ದಿನ ಅವರು ಅತಿ ಕಠೋರವಾದ ಉಪವಾಸವನ್ನು ಆಚರಿಸುವರು. ಆ ದಿನವು ಶುಕ್ರವಾರವೆಂಬುದೂ, ಗಾಂಧಿಬಜಾರಿನಲ್ಲಿ 1943ರಿಂದ ದೋಸೆಗೆ ಹೆಸರಾದ ವಿದ್ಯಾರ್ಥಿ ಭವನಕ್ಕೆ ರಜೆಯ ದಿನವೂ ಶುಕ್ರವಾರವೇ ಎಂಬುದೂ ಕೇವಲ ಕಾಕತಾಳೀಯವೆಂದು ನಂಬುವಷ್ಟು ಉದಾರಿ ನಾನಲ್ಲ.

ರಾಯರ ಅಂತರಂಗವನ್ನು ಕಾಣಬೇಕಾದರೆ ರಕ್ತಪರೀಕ್ಷೆಯ ಮುನ್ನಿನ ಹತ್ತು ದಿನಗಳಲ್ಲಿ ನೋಡಬೇಕು. ವರ್ಷವೆಲ್ಲ ಅಲೆದು ಕಡೆಯ ವಾರದಲ್ಲಿ ಪುಸ್ತಕ ತೆರೆದ ವಿದ್ಯಾರ್ಥಿಯಂತೆ ಅವರು ಆ ದಿನಗಳಲ್ಲಿ ಕಾಫಿಗೆ ಸಕ್ಕರೆಯನ್ನು ನಿಲ್ಲಿಸಿ, ಚಕ್ಕುಲಿಯ ಡಬ್ಬವನ್ನು ಅಟ್ಟಕ್ಕೇರಿಸಿ, ಸಂಜೆಯೂ ಒಂದು ಸುತ್ತು ನಡೆದು, ಪರೀಕ್ಷಕನನ್ನು ವಂಚಿಸಲು ಸಕಲ ಯತ್ನಗಳನ್ನೂ ಮಾಡುವರು. ಆದರೆ ಎಚ್‌ಬಿಎ1ಸಿ ಎಂಬ ಆ ಪರೀಕ್ಷೆಯ ಮರ್ಮವೇ ಬೇರೆ. ರಕ್ತದ ಕೆಂಪುಕಣವು ಸುಮಾರು 120 ದಿನ ಬದುಕುವುದಷ್ಟೆ. ಅಷ್ಟು ದಿನವೂ ತನಗೆ ಅಂಟಿಕೊಂಡ ಸಕ್ಕರೆಯನ್ನು ಅದು ಹೊತ್ತೇ ತಿರುಗುತ್ತದೆ. ಆದುದರಿಂದ ಮೊನ್ನೆಯ ಉಪವಾಸದ ಪುಣ್ಯದೊಡನೆ ಎರಡು ತಿಂಗಳ ಹಿಂದಿನ ಮೈಸೂರುಪಾಕಿನ ಪಾಪವೂ ಒಂದೇ ಸೀಸೆಯಲ್ಲಿ ಸಾಕ್ಷಿ ನುಡಿಯುವುದು. ಕಳೆದ ಬಾರಿ ಅಂಕಿಯು 6.4ರಿಂದ 6.3ಕ್ಕೆ ಇಳಿಯಿತು. 6.5 ಆದರೆ ಮಧುಮೇಹವೆಂಬುದು ವೈದ್ಯರ ಗಣನೆ. ಗಡಿಯಿಂದ ಇನ್ನೊಂದು ಹೆಜ್ಜೆ ಹಿಂದೆ ಸರಿದ ಆ ವಿಜಯವನ್ನು ರಾಯರು ಬೀದಿಯ ಎರಡೂ ಬದಿಗೆ ತಿಳಿಸಿ, ಆ ಸಂಭ್ರಮಕ್ಕೆ ಒಂದು ಪ್ಲೇಟು ಖಾಲಿ ದೋಸೆಯನ್ನು ತಿಂದುಬಂದರು.

ಮೊನ್ನೆ ಛತ್ರದ ಮದುವೆಯೂಟದಲ್ಲಿ ನನ್ನ ಎಲೆಯ ಪಕ್ಕಕ್ಕೆ ಅವರ ಎಲೆ. ಅನ್ನ ಬಂದಾಗ ಅಂಗೈಯನ್ನಡ್ಡ ಹಿಡಿದು, ಎದುರು ಪಂಕ್ತಿಗೂ ಕೇಳುವಂತೆ “ನಾನು ಅನ್ನ ಬಿಟ್ಟಿದ್ದೇನೆ” ಎಂದರು. ಹೋಳಿಗೆ ಬಂತು. “ಒಂದು ಚೂರು, ಶಾಸ್ತ್ರಕ್ಕೆ,” ಎಂದರು. ಬಡಿಸುವವನು “ಚೂರು ಮಾಡೋಕೆ ಟೈಮಿಲ್ಲ ಸ್ವಾಮಿ” ಎಂದು ಇಡಿಯದನ್ನೇ ಹಾಕಿ ನಡೆದನು. ರಾಯರು ನನ್ನ ಕಡೆ ಬಾಗಿ, ಮೇಲಿನ ಕಣಕ ಮೈದಾ, ಅದು ವಿಷ. ಒಳಗಿನ ಹೂರಣ ಕಡಲೆಬೇಳೆ, ಅದು ಪ್ರೋಟೀನು ಎಂದು ವಿಂಗಡಿಸಿ, ಉಗುರಿನಿಂದ ಕಣಕವನ್ನು ಅಂಚಿನಿಂದ ಸುಲಿಯತೊಡಗಿದರು. ಒಂದಂಗುಲ ಸುಲಿಯುವಷ್ಟರಲ್ಲಿ ಅದು ಹರಿದು ಹೂರಣಕ್ಕೇ ಅಂಟಿತು. ಹೂರಣದೊಳಗಿನ ಬೆಲ್ಲದ ಮಾತನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ತುಪ್ಪದವನು ಬರಲು, “ಧಾರಾಳವಾಗಿ ಹಾಕಪ್ಪ, ಜಿಡ್ಡಿದ್ದರೆ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತೆ,” ಎಂದರು. ಈ ಮಾತು ಶಾಸ್ತ್ರವಿರುದ್ಧವೇನೂ ಅಲ್ಲ. ಎರಡನೆಯ ಹೋಳಿಗೆಯ ವಿಷಯದಲ್ಲಿ ಶಾಸ್ತ್ರವೇನು ಹೇಳುವುದೆಂದು ಕೇಳೋಣವೆನ್ನುವಷ್ಟರಲ್ಲಿ ಅದೂ ಮುಗಿದಿತ್ತು.

ಈ ವ್ರತದ ಭಾರವೆಲ್ಲ ಬಿದ್ದಿರುವುದು ಅವರ ಗೃಹಿಣಿಯ ಮೇಲೆ. “ರೀ, ನಾಳೆಗೆ ಊದಲೋ ಕೊರಲೆಯೋ?” ಎಂದು ರಾತ್ರಿಯೇ ಕೇಳಿ, ತೊಳೆದು ನೆನೆಹಾಕಿ, ಬೆಳಗ್ಗೆ ಅತ್ತೆಗೆ ಮೆತ್ತನೆಯ ಅನ್ನವನ್ನೂ ಗಂಡನಿಗೆ ಪಥ್ಯವನ್ನೂ ಬೇರೆಬೇರೆಯಾಗಿ ಬೇಯಿಸುವಾಕೆ ಅವರೇ. ಗಾಂಧಿಬಜಾರಿನಿಂದ ತುಂಬಿದ ಹೊಟ್ಟೆಯೊಡನೆ ಬಂದ ರಾಯರು ನಾಲ್ಕು ತುತ್ತುಂಡು, ಮಿತಾಹಾರದ ಮಹಿಮೆಯನ್ನು ವರ್ಣಿಸಿ ಕೈತೊಳೆಯುವರು. ಮಿಕ್ಕದ್ದನ್ನು ಚೆಲ್ಲಲು ಮನಸ್ಸೊಪ್ಪದೆ ಆಕೆ ಅದನ್ನೇ ಎರಡೂ ಹೊತ್ತು ಉಣ್ಣುತ್ತ ಬಂದರು. ಈಗ ಆಕೆಯ ರವಿಕೆಗಳಿಗೆಲ್ಲ ಒಳಗೊಂದು ಹೊಲಿಗೆ ಬಿದ್ದಿದೆ, ಮಂಡಿನೋವು ತಗ್ಗಿದೆ. ರಾಯರ ಬೆಲ್ಟಾದರೋ ಹಳೆಯ ತೂತಿನಲ್ಲಿಯೇ ಇದೆ. ಉದ್ಯಾನದ ಕಲ್ಲುಬೆಂಚಿನ ಮೇಲೆ ಯಾರೋ ಈ ವಿಷಯವನ್ನೆತ್ತಲು, ರಾಯರು ಪರಮ ಸಂತೋಷದಿಂದ ನುಡಿದರು: “ನೋಡಿದಿರಾ ನಮ್ಮ ಮನೆಯವರನ್ನ? ಅವರು ಪಥ್ಯದ ಹೆಸರು ಕೂಡ ಎತ್ತಿದವರಲ್ಲ. ಎಲ್ಲಾ ನನ್ನ ಸಹವಾಸದ ಫಲ.”